ಮರಗಾಲಿನ ಓನುಂಡ್, ಕುರುಡ ಕವಿ ಸ್ಟೂವ್: ವೈಕಿಂಗ್ ಸಮಾಜದ ಅಂಗವಿಕಲರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವೈಕಿಂಗ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವನು ಕೊಡಲಿ ಹಿಡಿದ, ಮೈಯಲ್ಲಿ ಒಂದು ಕೊರತೆಯೂ ಇಲ್ಲದ ಎತ್ತರದ ಗಂಡಸು. ಆದರೆ ಆ ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡ ಕಥೆಗಳನ್ನು ತೆರೆದು ನೋಡಿ. ಅಲ್ಲಿ ಮರಗಾಲಿನವರಿದ್ದಾರೆ, ಹುಟ್ಟುಕುರುಡರಿದ್ದಾರೆ, ಮುಪ್ಪಿನಲ್ಲಿ ಕಣ್ಣು ಕಿವಿ ಎರಡೂ ಹೋಗಿ ಒಲೆಯ ಬುಡದಲ್ಲಿ ಕೂತವರಿದ್ದಾರೆ. ಇವರ ಬಗ್ಗೆ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ವೈಕಿಂಗರು ಎಂದರೆ ಯಾರು? ಯಾವ ಕಾಲದವರು?

ಇಂದಿನ ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಿಂದ ಹಡಗು ಹತ್ತಿ ಹೊರಟವರು. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿ ನಡೆದ 793ರಿಂದ 1066ರವರೆಗಿನ ಅವಧಿಯನ್ನು ವೈಕಿಂಗ್ ಯುಗ ಎನ್ನುವುದು ರೂಢಿ. ಅವರಲ್ಲಿ ಬಹುಪಾಲು ಜನ ದಾಳಿಗೆ ಹೋದವರೇ ಅಲ್ಲ. ದನ, ಕುರಿ ಸಾಕಿಕೊಂಡು, ಹುಲ್ಲು ಕೊಯ್ದು ಚಳಿಗಾಲಕ್ಕೆ ಕೂಡಿಟ್ಟು, ಮೀನು ಹಿಡಿದು ಬದುಕಿದ ರೈತರು. ಸುಮಾರು 870ರ ನಂತರ ಅನೇಕರು ಐಸ್‌ಲ್ಯಾಂಡಿಗೆ ಹೋಗಿ ನೆಲೆಸಿದರು. ಮುಂದೆ ಬರುವ ಹೆಚ್ಚಿನ ಕಥೆಗಳು ಅಲ್ಲಿಯವು.

ಇಷ್ಟು ಹಳೆಯ ಸಂಗತಿ ನಮಗೆ ಗೊತ್ತಾಗುವುದು ಹೇಗೆ?

ಮೂರು ದಾರಿಗಳಿವೆ. ಒಂದು, ಸಾಗಾಗಳು. ಐಸ್‌ಲ್ಯಾಂಡಿನ ಜನ ತಮ್ಮ ಪೂರ್ವಿಕರ ಬಗ್ಗೆ ಗದ್ಯದಲ್ಲಿ ಬರೆದಿಟ್ಟ ದೀರ್ಘ ಕಥೆಗಳಿವು. ಎರಡು, ಹಳೆಯ ಕಾನೂನು ಗ್ರಂಥಗಳು. ಮೂರು, ಮಣ್ಣಿನಡಿ ಸಿಕ್ಕ ಮೂಳೆಗಳು.

ಸಾಗಾಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವು ಹೇಳುವುದು 9, 10ನೇ ಶತಮಾನದ ಕಥೆ, ಬರೆಯಲಾಗಿದ್ದು ಬಹುತೇಕ 13ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ನಾಡು ಕ್ರೈಸ್ತವಾಗಿ ಇನ್ನೂರು ವರ್ಷ ಕಳೆದಿತ್ತು. ಆದ್ದರಿಂದ ಯಾವ ಪಾತ್ರ ಏನು ಮಾತಾಡಿತು ಎಂಬುದನ್ನು ಅಕ್ಷರಶಃ ಇತಿಹಾಸ ಎಂದು ಹಿಡಿಯಬಾರದು. ಆದರೆ ಒಬ್ಬ ಕುಂಟನಿಗೆ ಹೆಣ್ಣು ಕೇಳಲು ಹೋದಾಗ ಮಾವನಾಗುವವನು ಏನೆಂದು ಗೊಣಗಬಹುದು ಎಂಬುದನ್ನು ಆ ಬರಹಗಾರರು ಚೆನ್ನಾಗಿ ಬಲ್ಲವರಾಗಿದ್ದರು. ನನಗೆ ಮುಖ್ಯವಾಗಿ ಕಾಣುವುದು ಅಂಥ ತಿಳಿವಳಿಕೆ.

ಅವರ ಭಾಷೆಯಲ್ಲಿ ‘ಅಂಗವಿಕಲ’ ಎಂಬ ಪದ ಇತ್ತೇ?

ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕುವಂಥ ಪದ ಇರಲಿಲ್ಲ. ಕುಂಟನಿಗೆ ‘ಹಾಲ್ಟರ್’, ಕುರುಡನಿಗೆ ‘ಬ್ಲಿಂಡರ್’, ಕಿವುಡನಿಗೆ ‘ಡೌವರ್’ ಎಂದು ಬಿಡಿಬಿಡಿಯಾಗಿ ಹೆಸರಿಸುತ್ತಿದ್ದರು. ನಮ್ಮಲ್ಲಿ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಕೊಡುತ್ತದಲ್ಲ, ಅಂಥ ಲೆಕ್ಕಾಚಾರ ಅವರಿಗೆ ಹೊಳೆದೇ ಇರಲಿಲ್ಲ.

ಕಾನೂನಿನಲ್ಲಿ ಮಾತ್ರ ಒಂದು ಪದ ಮತ್ತೆ ಮತ್ತೆ ಬರುತ್ತದೆ: ‘ಓಮಾಗಿ’. ತನ್ನನ್ನು ತಾನು ಸಾಕಿಕೊಳ್ಳುವ ಶಕ್ತಿ ಇಲ್ಲದವರು ಎಂದು ಅದರ ಅರ್ಥ. ಚಿಕ್ಕ ಮಕ್ಕಳು, ಮುದುಕರು, ರೋಗಿಗಳು, ದುಡಿಯಲಾಗದವರು ಎಲ್ಲರೂ ಅದರೊಳಗೆ ಬರುತ್ತಾರೆ. ಒಂದು ಕಾಲಿಲ್ಲದಿದ್ದರೂ ಹೊಲ, ಹಡಗು ಇದ್ದವನು ಓಮಾಗಿ ಅಲ್ಲ. ಎರಡು ಕಾಲೂ ನೆಟ್ಟಗಿರುವ ಎಂಟು ವರ್ಷದ ತಬ್ಬಲಿ ಓಮಾಗಿ. ಮೈ ಹೇಗಿದೆ ಎನ್ನುವುದಕ್ಕಿಂತ ಅನ್ನ ಹಾಕುವವರು ಯಾರು ಎನ್ನುವುದೇ ಆ ಪದದ ತಿರುಳು. ಇಡೀ ವಿಷಯಕ್ಕೆ ಇದೇ ಬೀಗದ ಕೈ ಎಂದು ನನ್ನ ನಂಬಿಕೆ.

ಇಂದು ನಾವು ಯಾರನ್ನೂ ಕುಂಟ, ಕುರುಡ ಎಂದು ಕರೆಯಬಾರದು, ಕರೆಯುವುದೂ ಇಲ್ಲ. ಆ ಕಾಲದವರು ಬಳಸಿದ ಅಡ್ಡಹೆಸರುಗಳನ್ನೂ ಮಾತುಗಳನ್ನೂ ಹಾಗೆಯೇ ಕನ್ನಡಕ್ಕೆ ತರಬೇಕಾದ ಕಡೆ ಮಾತ್ರ ಈ ಹಳೆಯ ಪದಗಳನ್ನು ಉಳಿಸಿಕೊಂಡಿದ್ದೇನೆ.

ಅಡ್ಡಹೆಸರುಗಳು ಅವಮಾನಕ್ಕಾಗಿ ಇಟ್ಟವೇ?

ಕೆಲವು ಹೌದು, ಎಲ್ಲವೂ ಅಲ್ಲ. ಮರಗಾಲಿನ ಓನುಂಡ್, ಚಪ್ಪಟೆ ಮೂಗಿನ ಕೇಟಿಲ್, ಕುರುಡ ಸ್ಟೂವ್: ಒಂದೇ ಹೆಸರಿನ ಹತ್ತು ಜನರಿದ್ದ ಊರಿನಲ್ಲಿ ಗುರುತಿಗೆ ಇದು ಬೇಕಿತ್ತು. ನಿಮ್ಮ ಫೋನಿನಲ್ಲಿರುವ ಬ್ಲೂಟೂತ್ ಕೂಡ ಅಂಥದೇ ಅಡ್ಡಹೆಸರು, ಡೆನ್ಮಾರ್ಕಿನ ದೊರೆ ಹೆರಾಲ್ಡ್‌ನದು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಾವು ಕೊರತೆ ಎಂದುಕೊಳ್ಳದ್ದು ಅವರಿಗೆ ದೊಡ್ಡ ಕೊರತೆಯಾಗಿತ್ತು. ನ್ಯಾಲ್ ಎಂಬ ಮಹಾ ಬುದ್ಧಿವಂತ ನ್ಯಾಯವಾದಿಗೆ ಗಡ್ಡ ಬೆಳೆಯುತ್ತಿರಲಿಲ್ಲ. ಅಷ್ಟಕ್ಕೇ ಅವನ ಮನೆತನ ಕೇಳಿದ ಚುಚ್ಚುಮಾತು, ಅದರಿಂದ ಹರಿದ ರಕ್ತ ಸಾಗಾದ ಉದ್ದಕ್ಕೂ ಇದೆ.

ಊನವಿರುವ ಶಿಶುಗಳನ್ನು ಬಯಲಿಗೆ ಎಸೆಯುತ್ತಿದ್ದರಂತೆ, ನಿಜವೇ?

ಶಿಶುಗಳನ್ನು ಹೊರಗೆ ಬಿಟ್ಟು ಬರುವ ಪದ್ಧತಿ ಇತ್ತು. ಐಸ್‌ಲ್ಯಾಂಡ್ 1000ದ ಸುಮಾರಿಗೆ ಆಲ್‌ಥಿಂಗ್ ಎಂಬ ಮಹಾಸಭೆಯಲ್ಲಿ ಕ್ರೈಸ್ತಧರ್ಮ ಒಪ್ಪಿಕೊಂಡಾಗ, ಶಿಶುಗಳನ್ನು ಬಿಡುವುದು ಮತ್ತು ಕುದುರೆ ಮಾಂಸ ತಿನ್ನುವುದು, ಈ ಎರಡರ ವಿಷಯದಲ್ಲಿ ಹಳೆಯ ಕಾನೂನೇ ಇರಲಿ ಎಂದು ಪಟ್ಟು ಹಿಡಿದು ಉಳಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಅದೂ ಹೋಯಿತು.

ಆದರೆ ಸಾಗಾಗಳಲ್ಲಿ ಬಿಟ್ಟುಬಂದ ಮಕ್ಕಳ ಕಥೆ ಓದಿದರೆ ಕಾರಣ ಮೈಯ ಊನವಲ್ಲ. ಬಡತನ, ಮದುವೆಯಾಚೆಯ ಹುಟ್ಟು, ಅಪ್ಪ ಕಂಡ ಕೆಟ್ಟ ಕನಸು, ಇಂಥವೇ. ಸುಂದರಿ ಹೆಲ್ಗಾ ಎಂದು ಹೆಸರಾದವಳನ್ನೇ ಹುಟ್ಟಿದ ಕೂಡಲೇ ಬಿಟ್ಟುಬಿಡಲು ತಂದೆ ಹೇಳಿದ್ದ, ತಾಯಿ ಗುಟ್ಟಾಗಿ ಉಳಿಸಿದಳು. ಊನದ ಮಾತು ನೇರವಾಗಿ ಬರುವುದು ನಂತರದ ನಾರ್ವೆಯ ಕ್ರೈಸ್ತ ಕಾನೂನುಗಳಲ್ಲಿ. ಹುಟ್ಟಿದ ಪ್ರತಿ ಮಗುವನ್ನೂ ಸಾಕಬೇಕು ಎಂದು ಹೇಳಿದ ಬಳಿಕ, ವಿಪರೀತ ವಿಕಾರವಾಗಿ ಹುಟ್ಟಿದ ಕೂಸಿಗೆ ಮಾತ್ರ ಅವು ವಿನಾಯಿತಿ ಇಟ್ಟವು. ಕರುಣೆ ತಂದ ಧರ್ಮ ಎಂದು ನಾವು ಸಲೀಸಾಗಿ ಬರೆದುಬಿಡುವ ಕಡೆಯೇ ಈ ವಾಕ್ಯ ಕೂತಿದೆ.

ಮುದುಕರನ್ನು ಬಂಡೆಯ ಮೇಲಿಂದ ತಳ್ಳುತ್ತಿದ್ದರೇ?

ಇಲ್ಲ. ಇದು ಗೌಟ್ರೆಕ್ ಎಂಬ ದೊರೆಯ ಹೆಸರಿನ ಸಾಗಾದಿಂದ ಹಬ್ಬಿದ ಕಥೆ. ಕಾಡಿನ ನಡುವೆ ಬದುಕುವ ಜಿಪುಣ ಪೆದ್ದರ ಕುಟುಂಬವೊಂದು ಊಟದ ಖರ್ಚು ತಪ್ಪಿಸಲು ಬಂಡೆಯಿಂದ ಹಾರಿ ಸಾಯುತ್ತದೆ. ಕೇಳುವವರು ನಗಲಿ ಎಂದೇ ಹೆಣೆದ ಭಾಗ ಅದು. ಸ್ವೀಡನ್ನಿನಲ್ಲಿ ಹಲವು ಬಂಡೆಗಳಿಗೆ ಈ ಕಥೆಯ ಹೆಸರನ್ನು ಶತಮಾನಗಳ ನಂತರ ಅಂಟಿಸಿದರು. ಹಾಗೊಂದು ಪದ್ಧತಿ ಇತ್ತೆನ್ನಲು ಬೇರೆ ಆಧಾರವಿಲ್ಲ.

ಇದಕ್ಕೆ ಎದುರಾಗಿ ರೇಕ್‌ಡೈಲಾ ಸಾಗಾದ ಒಂದು ಸಭೆಯನ್ನು ನೆನೆಯಬೇಕು. ಭೀಕರ ಚಳಿಗಾಲ, ಮೇವಿಲ್ಲ, ಊಟವಿಲ್ಲ. ಗುಡಿಯ ಮುಖ್ಯಸ್ಥ ಲ್ಯೋಟ್ ಎಂಬವನು ಒಂದು ಹರಕೆಯ ಸಲಹೆ ಮುಂದಿಟ್ಟ: ಗುಡಿಗೆ ಕಾಣಿಕೆ ಕೊಡೋಣ, ಹುಟ್ಟುವ ಶಿಶುಗಳನ್ನು ಬಯಲಿಗೆ ಬಿಡೋಣ, ಮುದುಕರನ್ನು ಕೊಲ್ಲೋಣ. ಆಗ ಆಸ್ಕೆಲ್ ಎಂಬ ಮುಖಂಡ ಎದ್ದು ಇದು ಆಡಬಾರದ ಮಾತು ಎಂದ. ಅದೇ ಹಣದಲ್ಲಿ ಮುದುಕರಿಗೆ ಆಸರೆ ಕೊಡೋಣ, ಮಕ್ಕಳನ್ನು ಸಾಕೋಣ ಎಂದ. ಸಭೆ ಅವನ ಕಡೆ ವಾಲಿತು. ಸಲಹೆ ಬಂದಿದ್ದೂ ಆ ಸಮಾಜದಿಂದಲೇ, ತಡೆದಿದ್ದೂ ಅದೇ ಸಮಾಜ.

‘ಕುಂಟ ಕುದುರೆ ಏರಬಲ್ಲ’ ಎಂಬ ಪದ್ಯ ಎಲ್ಲಿಯದು?

ಓಡಿನ್ ದೇವರ ಮಾತುಗಳೆಂದು ಹೇಳುವ ‘ಹಾವಮಾಲ್’ ಎಂಬ ನೀತಿಪದ್ಯಗಳ ಸಂಗ್ರಹದ 71ನೇ ಪದ್ಯ. ಸುಮಾರು 1270ರ ಹಸ್ತಪ್ರತಿಯೊಂದರಲ್ಲಿ ಉಳಿದಿದೆ. ಅರ್ಥ ಹೀಗೆ: ಕುಂಟ ಕುದುರೆ ಏರುತ್ತಾನೆ, ಕೈಯಿಲ್ಲದವನು ಮಂದೆ ಅಟ್ಟುತ್ತಾನೆ, ಕಿವುಡ ಕಾದಾಡಿ ಕೆಲಸಕ್ಕೆ ಬರುತ್ತಾನೆ; ಚಿತೆಯಲ್ಲಿ ಬೆಂದುಹೋಗುವುದಕ್ಕಿಂತ ಕುರುಡನಾಗಿರುವುದು ಲೇಸು; ಹೆಣದಿಂದ ಯಾರಿಗೂ ಉಪಯೋಗವಿಲ್ಲ.

ಇದನ್ನು ಓದಿ ಮನಸ್ಸು ಉಬ್ಬುವುದು ಸಹಜ. ನನಗೂ ಹಾಗೇ ಆಗಿತ್ತು. ಎರಡನೇ ಸಲ ಓದಿದಾಗ ‘ಉಪಯೋಗ’ ಎಂಬ ಪದದ ಮೇಲೆ ಕಣ್ಣು ನಿಂತಿತು. ಪದ್ಯ ಯಾರನ್ನೂ ದೂರ ತಳ್ಳುವುದಿಲ್ಲ, ಆದರೆ ಒಳಗೆ ಬಿಟ್ಟುಕೊಳ್ಳುವುದು ಕೆಲಸದ ಬಾಗಿಲಿನಿಂದ. ಕುಂಟನಿಗೆ ಕುದುರೆ ಬೇಕು, ಕೈಯಿಲ್ಲದವನಿಗೆ ಅಟ್ಟಲು ಮಂದೆ ಬೇಕು. ಕುದುರೆಯೂ ಮಂದೆಯೂ ಇಲ್ಲದವನ ಪಾಡೇನು? ಪದ್ಯ ಅದನ್ನು ಹೇಳುವುದಿಲ್ಲ.

ಮೂಳೆಯಿಲ್ಲದ ಈವಾರ್ ನಿಜವಾಗಿ ನಡೆಯಲಾಗದವನೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. 865ರಲ್ಲಿ ಇಂಗ್ಲೆಂಡಿಗೆ ಬಂದಿಳಿದ ದೊಡ್ಡ ಸೈನ್ಯದ ನಾಯಕರಲ್ಲಿ ಈವಾರ್ ಒಬ್ಬ ಎಂದು ಹೇಳುತ್ತಾರೆ. ಮರುವರ್ಷ ಆ ಸೈನ್ಯ ಯಾರ್ಕ್ ಪಟ್ಟಣ ಹಿಡಿಯಿತು. ಐರ್ಲೆಂಡಿನ ವಾರ್ಷಿಕ ದಾಖಲೆಗಳಲ್ಲಿ ಈಮಾರ್ ಎಂಬ ಉತ್ತರದ ದೊರೆ 873ರಲ್ಲಿ ತೀರಿಕೊಂಡಿದ್ದು ಇದೆ. ಇಬ್ಬರೂ ಒಬ್ಬನೇ ಎಂದು ಅನೇಕ ವಿದ್ವಾಂಸರು ಹಿಡಿಯುತ್ತಾರೆ.

ಅವನ ಮೈಯಲ್ಲಿ ಮೂಳೆಯ ಬದಲು ಮೆದು ಮೂಳೆ ಇತ್ತು, ಅವನನ್ನು ಹೊತ್ತುಕೊಂಡೇ ಯುದ್ಧಕ್ಕೆ ಒಯ್ಯುತ್ತಿದ್ದರು ಎಂಬ ವರ್ಣನೆ ಶತಮಾನಗಳ ನಂತರ ಬರೆದ ಸಾಗಾದ್ದು. ಮೂಳೆ ಗಾಜಿನಂತೆ ಒಡೆಯುವ ಹುಟ್ಟು ಕಾಯಿಲೆ ಇದ್ದಿರಬೇಕು ಎಂದು ಕೆಲವರು ಊಹಿಸಿದ್ದಾರೆ. ಪರೀಕ್ಷೆಗೆ ಅವನ ಅಸ್ಥಿ ಸಿಕ್ಕಿಲ್ಲವಾದ್ದರಿಂದ ಅದು ಊಹೆಯೇ. ಆ ಹೆಸರು ಹಾವಿನಂತೆ ಬಳುಕುವ ಮೈಗೆ ಬಂದಿರಬಹುದು, ಬೇರಾವುದಕ್ಕೋ ಬಂದಿರಬಹುದು. ನನಗೆ ಕುತೂಹಲ ಮೂಡಿಸುವುದು ಕಥೆ ಹೇಳಿದವರ ಮನಸ್ಸು. ನಡೆಯಲಾಗದವನೊಬ್ಬ ಅಣ್ಣತಮ್ಮಂದಿರಲ್ಲೆಲ್ಲ ಬುದ್ಧಿವಂತನಾಗಿ ಸೈನ್ಯ ನಡೆಸಿದ ಎಂದರೆ ಅವರ ಕೇಳುಗರು ನಂಬಲಾರೆವು ಎನ್ನಲಿಲ್ಲ. ದೊರೆಯ ಮಗ ತಾನೇ, ಹೊರಲು ಹೆಗಲುಗಳಿದ್ದವು.

ಕಾಲು ಕಳೆದುಕೊಂಡ ಯೋಧನ ಮುಂದಿನ ಬದುಕು ಹೇಗಿರುತ್ತಿತ್ತು?

ಮರಗಾಲಿನ ಓನುಂಡ್‌ನಷ್ಟು ವಿವರವಾಗಿ ಯಾರ ಕಥೆಯೂ ಸಿಗುವುದಿಲ್ಲ. ಸಾಂಪ್ರದಾಯಿಕ ಲೆಕ್ಕದಲ್ಲಿ 872ರಲ್ಲಿ ನಡೆದ ಹಾಫ್ರ್ಸ್‌ಫ್ಯೋರ್ಡ್ ಕದನದಲ್ಲಿ, ನಾರ್ವೆಯ ದೊರೆ ಹೆರಾಲ್ಡ್‌ನ ವಿರುದ್ಧ ಹಡಗಿನ ಅಂಚಿನಲ್ಲಿ ಕಾದಾಡುತ್ತಿದ್ದಾಗ ಅವನ ಕಾಲು ಮಂಡಿಯ ಕೆಳಗೆ ತುಂಡಾಯಿತು. ಬದುಕಿರುವವರೆಗೂ ಮರದ ಕಾಲಿನಲ್ಲೇ ನಡೆದ.

ಗ್ರೆಟಿರ್ ಸಾಗಾದಲ್ಲಿ ಇದರ ಮುಂದಿನ ಭಾಗ ಬಹಳ ಆಪ್ತವಾಗಿದೆ. ಅವನ ಗೆಳೆಯ ಥ್ರಾಂಡ್ ಹೆಣ್ಣು ಕೇಳಲು ಓಫೇಗ್ ಎಂಬವನ ಬಳಿ ಹೋಗುತ್ತಾನೆ. ಓಫೇಗ್ ಹೇಳುವ ಮಾತು ಯಾವ ಊರಿನ ಮದುವೆ ಮಾತುಕತೆಯಲ್ಲಾದರೂ ಕೇಳಿಬರಬಹುದಾದದ್ದು: ಅವನ ಜಮೀನು ದೊರೆಯ ಕೈ ಸೇರಿದೆ, ಅದಕ್ಕೆ ಬೆಲೆಯಿಲ್ಲ, ಆಮೇಲೆ ಅವನು ಪೂರ್ತಿ ಗಟ್ಟಿ ಮನುಷ್ಯನೂ ಅಲ್ಲ, ನನ್ನ ಮಗಳು ಇನ್ನೂ ಚಿಕ್ಕವಳು. ಎರಡು ಕಾಲಿರುವ ಎಷ್ಟೋ ಜನರಿಗಿಂತ ಓನುಂಡ್ ಗಟ್ಟಿಗ ಎಂದು ಥ್ರಾಂಡ್ ಅಂದ. ಸಂಬಂಧ ಕುದುರಿತು.

ಮತ್ತೊಂದು ಹಡಗಿನ ಕಾಳಗ. ಓನುಂಡ್ ಅಲುಗದೆ ನಿಲ್ಲಲೆಂದು ಮೊಂಡುಗಾಲಿನ ಮಂಡಿಯಡಿಗೆ ಜೊತೆಯವರು ಒಂದು ಮರದ ದಿಮ್ಮಿ ತಳ್ಳಿಕೊಟ್ಟರು. ಎದುರಾಳಿ ಬೀಸಿದ ಕತ್ತಿ ಗುರಾಣಿಯನ್ನು ಸೀಳಿ ಬಂದು ಆ ದಿಮ್ಮಿಯಲ್ಲೇ ಕಚ್ಚಿಕೊಂಡಿತು. ಅದನ್ನು ಕೀಳಲು ಅವನು ಬಾಗಿದ, ಓನುಂಡ್ ಅವನ ಹೆಗಲಿಗೆ ಹೊಡೆದ. ಆ ದಿಮ್ಮಿಯನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಯಾರೋ ಒಬ್ಬ, ಹೆಸರಿಲ್ಲದವನು, ಯುದ್ಧದ ಗದ್ದಲದ ನಡುವೆ ಇವನಿಗೆ ಏನು ಬೇಕು ಎಂದು ನೋಡಿ ಅದನ್ನು ತಂದಿಟ್ಟಿದ್ದ.

ಕೊನೆಗೆ ಓನುಂಡ್ ಐಸ್‌ಲ್ಯಾಂಡಿಗೆ ಹೋಗಿ, ಒಳ್ಳೆಯ ನೆಲವೆಲ್ಲ ಬೇರೆಯವರ ಪಾಲಾಗಿದ್ದರಿಂದ ಕಾಲ್ಡ್‌ಬಾಕ್ ಎಂಬ ಚಳಿಯ ತೀರದಲ್ಲಿ ನೆಲೆಸಿದ. ನಾರ್ವೆಯ ಹೊಲ ಬಿಟ್ಟುಕೊಟ್ಟು ಈ ತಣ್ಣನೆಯ ಬೆಟ್ಟ ಪಡೆದೆನಲ್ಲ ಎಂದು ಪದ್ಯ ಕಟ್ಟಿದ.

ಅವರ ದೇವರುಗಳಿಗೇ ಊನವಿತ್ತಲ್ಲ, ಅದರಿಂದ ಗೌರವ ಹೆಚ್ಚಿತೇ?

ಓಡಿನ್ ಜ್ಞಾನಕ್ಕಾಗಿ ಮೀಮಿರ್‌ನ ಬಾವಿಗೆ ಒಂದು ಕಣ್ಣು ಕೊಟ್ಟ. ಫೆನ್ರಿರ್ ತೋಳವನ್ನು ಕಟ್ಟಿಹಾಕಲು ಟೀರ್ ತನ್ನ ಕೈಯನ್ನು ಅದರ ಬಾಯಲ್ಲಿಟ್ಟು ಕಳೆದುಕೊಂಡ. ಇವು ಏನನ್ನೋ ಪಡೆಯಲು ತೆತ್ತ ಬೆಲೆ, ಹಾಗಾಗಿ ಗೌರವ. ಆದರೆ ಹೋಡ್ ಎಂಬ ಕುರುಡು ದೇವರು ಏನನ್ನೂ ತೆತ್ತವನಲ್ಲ. ಯಾವ ಆಯುಧವೂ ನಾಟದ ಬಾಲ್ಡರ್ ಎಂಬ ದೇವರ ಮೇಲೆ ದೇವತೆಗಳೆಲ್ಲ ಆಯುಧ ಎಸೆದು ಆಡುತ್ತಿದ್ದಾಗ ಹೋಡ್ ಗುಂಪಿನ ಹೊರಗೆ ನಿಂತಿದ್ದ. ನೀನೇಕೆ ಆಡುತ್ತಿಲ್ಲ ಎಂದು ಲೋಕಿ ಎಂಬ ಕುತಂತ್ರಿ ಕೇಳಿದ. ಅವನು ಎಲ್ಲಿದ್ದಾನೋ ನನಗೆ ಕಾಣುವುದಿಲ್ಲ, ಕೈಯಲ್ಲಿ ಆಯುಧವೂ ಇಲ್ಲ ಎಂದ ಹೋಡ್. ಬಾಲ್ಡರ್‌ಗೆ ನಾಟಬಲ್ಲ ಒಂದೇ ವಸ್ತುವಾದ ಬದನಿಕೆಯ ಕಡ್ಡಿಯೊಂದನ್ನು ಲೋಕಿ ಕೈಗಿಟ್ಟು ದಿಕ್ಕು ತೋರಿಸಿದ. ಬಾಲ್ಡರ್ ಸತ್ತ, ಹೋಡ್‌ನನ್ನೂ ಕೊಂದರು. ಅವನನ್ನು ಆಟಕ್ಕೆ ಕರೆದವನು ಒಬ್ಬ ವಂಚಕ ಮಾತ್ರ ಎಂಬುದು ಆ ಕಥೆಯಲ್ಲಿ ನನ್ನನ್ನು ಬಹಳ ನೋಯಿಸುವ ಸಂಗತಿ.

ಕುರುಡರಿಗೆ ನ್ಯಾಯಸಭೆಯಲ್ಲಿ ಜಾಗ ಇತ್ತೇ?

ನ್ಯಾಲ್ ಸಾಗಾದ ಆಮುಂಡಿ ಹುಟ್ಟುಕುರುಡ, ಎತ್ತರದ ಬಲಿಷ್ಠ ಆಳು. ತಂದೆಯನ್ನು ಕೊಂದ ಲೀಟಿಂಗ್ ಎಂಬವನನ್ನು ಸಭೆಯ ಸ್ಥಳದಲ್ಲಿ ಹುಡುಕಿಕೊಂಡು, ಬೇರೆಯವರ ಕೈ ಹಿಡಿದು ಅವನ ಬಿಡಾರಕ್ಕೇ ಹೋದ. ನನ್ನ ತಂದೆಯ ಸಾವಿಗೆ ನನಗೇನು ಪರಿಹಾರ ಕೊಡುತ್ತೀಯ ಎಂದು ಕೇಳಿದ. ಲೀಟಿಂಗ್ ಹೇಳಿದ್ದು, ನಿನ್ನ ಅಜ್ಜನಿಗೂ ಚಿಕ್ಕಪ್ಪಂದಿರಿಗೂ ಎಲ್ಲ ಕೊಟ್ಟಾಗಿದೆ ಎಂದು. ಮಗನ ಕೈಗೆ ಬಿಡಿಗಾಸೂ ಬಂದಿರಲಿಲ್ಲ. ನನಗೆ ಕಣ್ಣಿದ್ದಿದ್ದರೆ ಪರಿಹಾರವನ್ನೋ ಪ್ರತೀಕಾರವನ್ನೋ ಪಡೆಯುತ್ತಿದ್ದೆ, ದೇವರೇ ತೀರ್ಪು ಕೊಡಲಿ ಎಂದು ಆಮುಂಡಿ ಹೊರಟ. ಬಾಗಿಲಲ್ಲಿ ತಿರುಗಿದಾಗ ಕಣ್ಣು ತೆರೆಯಿತು. ನೇರ ಹೋಗಿ ಲೀಟಿಂಗ್‌ನ ತಲೆಗೆ ಕೊಡಲಿ ಹಾಕಿದ. ಮತ್ತೆ ಬಾಗಿಲಿಗೆ ಬರುವಷ್ಟರಲ್ಲಿ ಕಣ್ಣು ಮುಚ್ಚಿತು, ಸಾಯುವವರೆಗೂ ತೆರೆಯಲಿಲ್ಲ.

ಪವಾಡವನ್ನು ಬದಿಗಿಡಿ. ಉಳಿಯುವುದು ಎರಡು ಸಂಗತಿ. ಮನೆಯವರೆಲ್ಲ ಸೇರಿ ಮಾಡಿಕೊಂಡ ರಾಜಿಯಲ್ಲಿ ಕುರುಡ ಮಗನನ್ನು ಯಾರೂ ಕೇಳಿರಲಿಲ್ಲ. ಕೊಲೆಯಾದ ಮೇಲೆ ಮಾತ್ರ, ಅವನಿಗೂ ಒಂದು ಹಕ್ಕು ಬಾಕಿಯಿತ್ತು ಎಂದು ಒಪ್ಪಿ ದಂಡದಲ್ಲಿ ಅರ್ಧ ಕಳೆದರು.

ಇನ್ನೊಂದು ತುದಿಯಲ್ಲಿ ಕವಿ ಸ್ಟೂವ್ ಇದ್ದಾನೆ. ಕುರುಡ, ಐಸ್‌ಲ್ಯಾಂಡಿನವನು. 1046ರಿಂದ 1066ರವರೆಗೆ ನಾರ್ವೆ ಆಳಿದ ಹೆರಾಲ್ಡ್ ದೊರೆಯ ಜೊತೆ ಒಂದು ರಾತ್ರಿ ತಂಗಿದ್ದಾಗ ಬಾಯಿಪಾಠವಿದ್ದ ಪದ್ಯಗಳನ್ನು ಒಂದರ ಹಿಂದೊಂದು ಹೇಳುತ್ತಲೇ ಹೋದ, ಉಳಿದವರೆಲ್ಲ ನಿದ್ದೆ ಹೋದರೂ ದೊರೆ ಎದ್ದು ಕೇಳಿದ. ದೊರೆಯ ಮೇಲೆ ಅವನು ಕಟ್ಟಿದ ಸ್ತುತಿಕಾವ್ಯದ ಪದ್ಯಗಳು ಇಂದಿಗೂ ಉಳಿದಿವೆ. ಪುಸ್ತಕವಿಲ್ಲದ ಸಮಾಜದಲ್ಲಿ ನೆನಪೇ ದೊಡ್ಡ ಆಸ್ತಿ. ಅದನ್ನು ಕೂಡಿಡಲು ಕಣ್ಣು ಬೇಡ.

ಬುದ್ಧಿಮಾಂದ್ಯರ ಪರಿಸ್ಥಿತಿ ಹೇಗಿತ್ತು?

ಓದಲು ಕಷ್ಟವಾಗುವ ಭಾಗ ಇದು. ಗೀಸ್ಲಿ ಸಾಗಾದಲ್ಲಿ ಹೆರ್ಗಿಲ್ಸೇ ದ್ವೀಪದ ಇಂಗ್ಯಾಲ್ಡ್ ಎಂಬ ರೈತನಿಗೆ ಹೆಲ್ಗಿ ಎಂಬ ಮಗ. ಭಾರೀ ಆಳು, ಬುದ್ಧಿ ಬೆಳೆದಿಲ್ಲ. ಅವನ ಕುತ್ತಿಗೆಗೆ ತೂತು ಕೊರೆದ ಕಲ್ಲೊಂದನ್ನು ಕಟ್ಟಿದ್ದರು. ಅದನ್ನು ಎಳೆದುಕೊಂಡು ಅವನು ಹೊರಗೆ ದನದಂತೆ ಹುಲ್ಲು ಮೇಯುತ್ತಿದ್ದ. ಶತ್ರುಗಳಿಂದ ತಪ್ಪಿಸಿಕೊಳ್ಳಲು ಗೀಸ್ಲಿ ದೋಣಿಯಲ್ಲಿ ಇದೇ ಹೆಲ್ಗಿಯಂತೆ ನಟಿಸುತ್ತಾನೆ. ಬೆನ್ನಟ್ಟಿ ಬಂದವರು ನೋಡಿ ನಕ್ಕು ಮುಂದೆ ಹೋಗುತ್ತಾರೆ. ಅವರಿಗೆ ಅದು ನೋಡಿ ನಗುವ ವಸ್ತು, ಹಾಗಾಗಿಯೇ ಯಾರೂ ಮುಖ ದಿಟ್ಟಿಸಿ ನೋಡಲಿಲ್ಲ. ಆ ಕಲ್ಲನ್ನು ಅವನು ಎಲ್ಲಾದರೂ ಹೋಗಿ ಸಾಯದಿರಲಿ ಎಂದು ಕಟ್ಟಿದರೋ, ಕಾಯುವ ಕೆಲಸ ತಪ್ಪಲಿ ಎಂದೋ. ಎರಡೂ ಇದ್ದಿರಬಹುದು. ಅವನನ್ನು ಕೊಲ್ಲಲಿಲ್ಲ, ಹೊರಹಾಕಲಿಲ್ಲ, ಅವನಿಗೆ ಮನೆಯಿತ್ತು. ಆದರೂ ಅದನ್ನು ಒಳಗೊಳ್ಳುವಿಕೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಐಸ್‌ಲ್ಯಾಂಡಿನ ಹಳೆಯ ಕಾನೂನು ಸಂಗ್ರಹ ‘ಗ್ರಾಗಾಸ್’ ಆಸ್ತಿಯ ಹಕ್ಕಿಗೆ ಒಂದು ಪರೀಕ್ಷೆ ಇಟ್ಟಿದೆ. ಕುದುರೆಯ ಮೇಲೆ ಜೀನಿನ ಯಾವ ಬದಿ ಮುಂದಿರಬೇಕು, ತಾನೇ ಕುದುರೆಯ ಮೇಲೆ ಮುಂದಕ್ಕೆ ಮುಖ ಮಾಡಿ ಕೂತಿದ್ದೇನೋ ಹಿಂದಕ್ಕೋ ಎಂಬುದು ಗೊತ್ತಾಗದವನಿಗೆ ಪಿತ್ರಾರ್ಜಿತ ಆಸ್ತಿ ಇಲ್ಲ. ಅದಕ್ಕಿಂತ ತುಸು ತಿಳಿವಳಿಕೆ ಇದ್ದರೂ ಹಕ್ಕು ಉಂಟು. ಗೆರೆ ಬಹಳ ಕೆಳಗೆ ಎಳೆದಿದ್ದಾರೆ, ಅದು ಅವರ ಪರವಾಗಿ ಹೇಳಬೇಕಾದ ಮಾತು.

ದುಡಿಯಲಾಗದವರನ್ನು ಸಾಕುವ ಹೊಣೆ ಯಾರದು?

ಮೊದಲು ರಕ್ತಸಂಬಂಧಿಗಳದು. 1117–18ರ ಚಳಿಗಾಲದಲ್ಲಿ ಬರೆದಿಡಲು ಶುರುವಾದ ಕಾನೂನು ಸಾಲಾಗಿ ಹೇಳುತ್ತದೆ: ಮೊದಲು ತಾಯಿಯನ್ನು ಸಾಕಬೇಕು, ಇನ್ನೂ ಶಕ್ತಿಯಿದ್ದರೆ ತಂದೆಯನ್ನು, ಆಮೇಲೆ ಮಕ್ಕಳನ್ನು, ಆಮೇಲೆ ಒಡಹುಟ್ಟಿದವರನ್ನು. ಮಕ್ಕಳಿಗಿಂತ ತಾಯಿ ಮೊದಲು.

ಸಂಬಂಧಿಕರ ಕೈಲಾಗದಿದ್ದರೆ ‘ಹ್ರೆಪ್’ ಬರುತ್ತಿತ್ತು. ಕನಿಷ್ಠ ಇಪ್ಪತ್ತು ರೈತ ಮನೆಗಳ ಕೂಟ ಇದು. ದಿಕ್ಕಿಲ್ಲದವರನ್ನು ಸರದಿಯ ಮೇಲೆ ಮನೆಯಿಂದ ಮನೆಗೆ ಕಳಿಸುತ್ತಿದ್ದರು. ದನಗಳು ರೋಗದಿಂದ ಸತ್ತರೆ, ಮನೆಗೆ ಬೆಂಕಿ ಬಿದ್ದರೆ ನಷ್ಟ ಹಂಚಿಕೊಳ್ಳುವುದೂ ಇದೇ ಕೂಟ. 1096ರ ಸುಮಾರಿಗೆ ಬಂದ ಚರ್ಚ್ ತೆರಿಗೆಯಲ್ಲಿ ನಾಲ್ಕನೇ ಒಂದು ಪಾಲು ಬಡವರಿಗೆ ಮೀಸಲಾಯಿತು. ದೊರೆಯೇ ಇಲ್ಲದ ನಾಡಿನಲ್ಲಿ ರೈತರು ತಾವೇ ಕಟ್ಟಿಕೊಂಡ ವ್ಯವಸ್ಥೆ ಇದು, ಮೆಚ್ಚಲೇಬೇಕು.

ಅದೇ ಪುಸ್ತಕದ ಇನ್ನೊಂದು ಪುಟ: ಊರೂರು ಅಲೆಯುವ ಭಿಕ್ಷುಕರನ್ನು ಬೀಜ ಒಡೆದು ನಪುಂಸಕರನ್ನಾಗಿ ಮಾಡಿದರೆ ತಪ್ಪಲ್ಲ, ಅದರಿಂದ ಅವರು ಊನರಾದರೂ ಸತ್ತರೂ ಶಿಕ್ಷೆಯಿಲ್ಲ. ಕೂಟದ ಒಳಗಿದ್ದರೆ ಸರದಿಯ ಊಟ, ಹೊರಗೆ ಬಿದ್ದರೆ ಇದು. ಸರದಿಯ ಮೇಲೆ ಮನೆ ಬದಲಾಯಿಸುತ್ತಿದ್ದ ಒಬ್ಬ ಕಾಲಿಲ್ಲದ ಮುದುಕಿಗೂ ‘ಅಲೆಮಾರಿ’ಗೂ ನಡುವೆ ಇದ್ದ ಅಂತರ ಎಷ್ಟು ತೆಳುವಾಗಿತ್ತು ಎಂದು ಯೋಚಿಸಿದರೆ ಮೈ ನಡುಗುತ್ತದೆ.

ಹೆಂಗಸರ ಬಗ್ಗೆ ಏನು ಗೊತ್ತು?

ಗಂಡಸರಷ್ಟು ಇಲ್ಲ, ಸಾಗಾಗಳ ಗಮನ ಕತ್ತಿ, ಜಮೀನು, ಕೋರ್ಟಿನ ಕಡೆಗೆ. ಲಾಕ್ಸ್‌ಡೈಲಾ ಸಾಗಾದ ಮೆಲ್ಕೋರ್ಕಾ ಮಾತ್ರ ಮರೆಯಲಾಗದವಳು. ಗುಲಾಮರ ವ್ಯಾಪಾರಿಯೊಬ್ಬನ ಡೇರೆಯಲ್ಲಿ ಹನ್ನೆರಡು ಹೆಣ್ಣುಗಳು. ಹೋಸ್ಕುಲ್ಡ್ ಎಂಬ ಐಸ್‌ಲ್ಯಾಂಡಿನ ಮುಖಂಡ ಅವಳನ್ನು ಆರಿಸಿದ. ಬೆಲೆ ಮೂರು ಮಾರ್ಕ್ ಬೆಳ್ಳಿ, ಉಳಿದವರ ಮೂರರಷ್ಟು. ಒಂದು ಕೊರತೆಯಿದೆ, ಅವಳಿಗೆ ಮಾತು ಬರುವುದಿಲ್ಲ ಎಂದು ವ್ಯಾಪಾರಿ ಮೊದಲೇ ಹೇಳಿದ. ವರ್ಷಗಟ್ಟಲೆ ಅವಳು ಮೂಗಿಯಾಗಿಯೇ ಇದ್ದಳು. ಒಂದು ಬೆಳಿಗ್ಗೆ ಹೋಸ್ಕುಲ್ಡ್ ಹೊರಗೆ ಬಂದಾಗ ತೊರೆಯ ಬಳಿ ಅವಳು ಪುಟ್ಟ ಮಗನೊಂದಿಗೆ ಮಾತಾಡುತ್ತಿದ್ದಳು. ಆಗ ತಿಳಿಯಿತು, ಅವಳು ಐರ್ಲೆಂಡಿನ ದೊರೆಯ ಮಗಳು. ಕೊಂಡವನ ಮುಂದೆ ಆಡಬೇಕಾದ ಮಾತು ಅವಳಲ್ಲಿ ಇರಲಿಲ್ಲ, ಅಷ್ಟೇ.

ಮೂಳೆಗಳು ಹೇಳುವುದೂ ಇದೆ. 834ರಲ್ಲಿ ಸಮಾಧಿಯಾದ ನಾರ್ವೆಯ ಓಸೆಬರ್ಗ್ ಹಡಗು 1904ರಲ್ಲಿ ಅಗೆದಾಗ ಇಬ್ಬರು ಹೆಂಗಸರ ಅವಶೇಷ ಸಿಕ್ಕಿತು. ಹಿರಿಯಳಿಗೆ ಎಪ್ಪತ್ತು ದಾಟಿತ್ತು, ಕ್ಯಾನ್ಸರ್ ಇತ್ತು. ವೈಕಿಂಗ್ ಕಾಲದ ಅತ್ಯಂತ ಶ್ರೀಮಂತ ಸಮಾಧಿಗಳಲ್ಲಿ ಒಂದರಲ್ಲಿ, ಕಾಯಿಲೆ ಬಿದ್ದ ಒಬ್ಬ ಅಜ್ಜಿ.

ಗುಲಾಮರು?

ಅವರಲ್ಲಿ ಬಹುಪಾಲು ಜನರ ಹೆಸರುಗಳೇ ಉಳಿದಿಲ್ಲ. ‘ರೀಗ್ಸ್‌ಥೂಲಾ’ ಎಂಬ ಪದ್ಯ ಗುಲಾಮನನ್ನು ವರ್ಣಿಸುವಾಗ ಬಾಗಿದ ಬೆನ್ನು, ಗಂಟುಗಂಟಾದ ಬೆರಳು, ಸುಕ್ಕುಗಟ್ಟಿದ ಕೈ ಎನ್ನುತ್ತದೆ. ದುಡಿಮೆ ಮುರಿದ ಮೈಯನ್ನು ಹುಟ್ಟುಗುಣ ಎಂಬಂತೆ ಹಾಡಿದ್ದಾರೆ.

ವಯಸ್ಸಾಗಿ ಕಣ್ಣು, ಕಿವಿ ಹೋದ ಮೇಲೆ?

ಎಗಿಲ್ ಸ್ಕಾಲಗ್ರಿಮ್ಸನ್ 10ನೇ ಶತಮಾನದ ಮಹಾಕವಿ, ಕೊಲೆಗಡುಕನೂ ಹೌದು. ಎಂಬತ್ತರ ಆಸುಪಾಸಿನಲ್ಲಿ ಮೋಸ್‌ಫೆಲ್ ಎಂಬ ಊರಿನಲ್ಲಿ ತನ್ನ ಅಣ್ಣನ ಮಗಳು ಥೋರ್ಡಿಸ್‌ಳ ಮನೆಯಲ್ಲಿದ್ದ. ಒಂದು ದಿನ ಅಂಗಳದಲ್ಲಿ ಕಾಲು ಎಡವಿ ಬಿದ್ದ. ಹೆಂಗಸರು ನಕ್ಕು, ಯಾರೂ ತಳ್ಳದೆ ಬೀಳುವ ಹೊತ್ತಿಗೆ ನಿನ್ನ ಕಥೆ ಮುಗಿಯಿತು ಎಂದರು. ಕಣ್ಣು ಪೂರ್ತಿ ಹೋದ ಮೇಲೆ ಚಳಿಗಾಲದಲ್ಲಿ ಕಾಲು ಕಾಯಿಸಲು ಒಲೆಯ ಬಳಿ ಬಂದ. ಅಡುಗೆಯವಳು ರೇಗಿದಳು: ಅಷ್ಟು ದೊಡ್ಡ ಮನುಷ್ಯನಾಗಿದ್ದವನು ಕಾಲಿಗೆ ಅಡ್ಡ ಬಂದು ಬಿದ್ದುಕೊಂಡರೆ ಕೆಲಸ ಮಾಡುವುದು ಹೇಗೆ, ಎದ್ದು ನಿನ್ನ ಜಾಗಕ್ಕೆ ಹೋಗು. ಇನ್ನೊಂದು ಸಲ ಅವನು ತಣ್ಣಗಾದ ತನ್ನ ಎರಡು ಹಿಮ್ಮಡಿಗಳನ್ನು ಇಬ್ಬರು ವಿಧವೆಯರಿಗೆ ಹೋಲಿಸಿ ಪದ್ಯ ಹೇಳಿದ.

ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಂಡ ಯಾರಿಗೂ ಈ ಅಡುಗೆಮನೆ ಹೊಸದಲ್ಲ. ಆ ಅಡುಗೆಯವಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವಳಿಗೆ ಹತ್ತಾರು ಜನರಿಗೆ ಬೇಯಿಸಬೇಕಿತ್ತು. ಥೋರ್ಡಿಸ್ ಅವನನ್ನು ಕೊನೆಯವರೆಗೂ ಇಟ್ಟುಕೊಂಡಳು. ಅವನ ತಲೆಬುರುಡೆ ಬಹಳ ದಪ್ಪ, ಚಿಪ್ಪಿನಂತೆ ಏರಿಳಿತದ್ದು, ಕೊಡಲಿಯಿಂದ ಹೊಡೆದರೂ ಒಡೆಯಲಿಲ್ಲ ಎಂದು ಸಾಗಾ ಹೇಳುತ್ತದೆ. ಮೂಳೆ ದಪ್ಪವಾಗುವ ಪ್ಯಾಜೆಟ್ ಕಾಯಿಲೆ ಇದ್ದಿರಬಹುದು, ಕಣ್ಣು ಕಿವಿ ಹೋಗಿದ್ದೂ ಕಾಲು ತಣ್ಣಗಾಗಿದ್ದೂ ಅದರಿಂದಲೇ ಎಂದು 1990ರ ದಶಕದಲ್ಲಿ ಜೆಸ್ಸಿ ಬಯಾಕ್ ಎಂಬ ವಿದ್ವಾಂಸರು ವಾದಿಸಿದರು.

ಚಿಕಿತ್ಸೆ ಇತ್ತೇ?

ಗಾಯ ತೊಳೆಯುವುದು, ಬಿಗಿಯುವುದು, ಮೂಳೆ ಕೂಡಿಸುವುದು ಗೊತ್ತಿತ್ತು, ಹೆಚ್ಚಾಗಿ ಹೆಂಗಸರಿಗೆ. 1030ರ ಸ್ಟಿಕ್ಲೆಸ್ಟಾಡ್ ಯುದ್ಧದ ಬಳಿಕ ಮದ್ದು ಮಾಡುವವಳೊಬ್ಬಳು ಈರುಳ್ಳಿ ಜಾತಿಯ ಸೊಪ್ಪು ಬೇಯಿಸಿ ಹೊಟ್ಟೆಗೆ ಗಾಯವಾದವರಿಗೆ ತಿನ್ನಿಸಿದಳು. ಗಾಯದಿಂದ ಅದರ ವಾಸನೆ ಬಂದರೆ ಕರುಳು ತೂತಾಗಿದೆ ಎಂದು ಅರ್ಥ.

‘ವೈಕಿಂಗ್ ಕಾಯಿಲೆ’ ಎಂದರೇನು?

ಅಂಗೈಯ ಒಳಪದರ ಗಟ್ಟಿಯಾಗಿ ಬೆರಳುಗಳು ಒಳಕ್ಕೆ ಬಾಗುವ ತೊಂದರೆಗೆ ಇತ್ತೀಚಿನವರು ಇಟ್ಟ ಅಡ್ಡಹೆಸರು. ಉತ್ತರ ಯೂರೋಪಿನವರಲ್ಲಿ ಹೆಚ್ಚು. 2023ರ ಸಂಶೋಧನೆಯೊಂದು ಅದರ ಕೆಲವು ವಂಶವಾಹಿಗಳು ನಿಯಾಂಡರ್ತಲ್ ಮಾನವರಿಂದ ಬಂದವು ಎಂದಿದೆ. ವೈಕಿಂಗರಿಗಿಂತ ಬಹಳ ಹಳೆಯದು.

ಬೇಕೆಂದೇ ಊನ ಮಾಡುತ್ತಿದ್ದರೇ?

ಮಾಡುತ್ತಿದ್ದರು, ಅಧಿಕಾರಕ್ಕಾಗಿ. ಕೊಂದರೆ ಸೇಡು ಬೆನ್ನು ಹತ್ತುತ್ತದೆ; ಕಣ್ಣು ಕಿತ್ತರೆ ಎದುರಾಳಿ ಬದುಕಿದ್ದೂ ದೊರೆಯಾಗಲಾರ ಎಂಬ ಲೆಕ್ಕ. ನಾರ್ವೆಯ ದೊರೆ ಓಲಾವ್ ತನ್ನ ವಿರುದ್ಧ ಸಂಚು ಹೂಡಿದ ಹ್ರೋರೆಕ್ ಎಂಬ ಸಣ್ಣ ದೊರೆಯ ಕಣ್ಣು ಕೀಳಿಸಿ, ಜೊತೆಗೇ ಇಟ್ಟುಕೊಂಡ. ಒಂದು ಹಬ್ಬದ ದಿನ ಚರ್ಚಿನಲ್ಲಿ ಹ್ರೋರೆಕ್ ಓಲಾವ್‌ನ ಬೆನ್ನ ಮೇಲೆ ಕೈಯಾಡಿಸಿ, ಇವತ್ತು ಒಳ್ಳೆಯ ಬಟ್ಟೆ ಹಾಕಿದ್ದೀಯಲ್ಲ ಎಂದ. ಒಳಗೆ ಕವಚ ಇದೆಯೇ ಎಂದು ನೋಡಲು ಹಾಗೆ ಮಾಡಿದ್ದು. ಆಮೇಲೆ ಚೂರಿ ಹಾಕಿದ. ಬಟ್ಟೆ ಮಾತ್ರ ಹರಿಯಿತು. ಕೊನೆಗೆ ಅವನನ್ನು ಐಸ್‌ಲ್ಯಾಂಡಿಗೆ ಸಾಗಹಾಕಿದರು. ಅಲ್ಲಿಯ ಕಾಲ್‌ಸ್ಕಿನ್ ಎಂಬ ಸಣ್ಣ ಹೊಲಮನೆಯಲ್ಲಿ ತೀರಿಕೊಂಡ. ಐಸ್‌ಲ್ಯಾಂಡಿನ ಮಣ್ಣಿನಲ್ಲಿರುವ ದೊರೆ ಅವನೊಬ್ಬನೇ ಎನ್ನುತ್ತಾರೆ.

ವೈಕಿಂಗ್ ಯುಗ ಮುಗಿದ ಮೇಲಿನ ಇನ್ನೊಂದು ಘಟನೆಯನ್ನೂ ಹೇಳಬೇಕು. 1135ರಲ್ಲಿ ಮಾಗ್ನುಸ್ ಎಂಬ ದೊರೆಯನ್ನು ಬರ್ಗನ್ ಪಟ್ಟಣದಲ್ಲಿ ಹಿಡಿದು, ಕಣ್ಣು ಕಿತ್ತು, ಒಂದು ಪಾದ ಕಡಿದು, ನಪುಂಸಕನನ್ನಾಗಿ ಮಾಡಿ ಮಠಕ್ಕೆ ಸೇರಿಸಿದರು. ಬೇರೆಯವರು ತಮ್ಮ ಲಾಭಕ್ಕಾಗಿ ಅವನನ್ನು ಮಠದಿಂದ ಹೊರತಂದು ಮತ್ತೆ ಯುದ್ಧಕ್ಕೆ ಎಳೆದರು. 1139ರಲ್ಲಿ ಹೋಲ್ಮೆನ್‌ಗ್ರೋ ಬಳಿ ಸಮುದ್ರದಲ್ಲಿ ಸೋಲು ಖಚಿತವಾದಾಗ ಒಬ್ಬೊಬ್ಬರೇ ಓಡಿದರು. ಹ್ರೇದಾರ್ ಎಂಬ ಅವನ ಕಡೆಯವನೊಬ್ಬ ಮಾತ್ರ ಮಾಗ್ನುಸ್‌ನನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಪಕ್ಕದ ಹಡಗಿಗೆ ಹಾರಲು ಹೊರಟ. ಹಿಂದಿನಿಂದ ಬಂದ ಈಟಿ ಹ್ರೇದಾರ್‌ನ ಬೆನ್ನು ತೂರಿ, ಅವನ ತೋಳಿನಲ್ಲಿದ್ದ ದೊರೆಗೂ ನಾಟಿತು. ಅವನು ಹಿಂದಕ್ಕೆ ಬಿದ್ದ, ಮಾಗ್ನುಸ್ ಅವನ ಮೇಲೆ.